ಹಳೆಯ ಜೀಪಿಗೆ ರೋಲರ್ ಬಣ್ಣ: ಮನೆಯ ಕೊಟ್ಟಿಗೆಯಲ್ಲೇ, ಕಡಿಮೆ ಖರ್ಚಿನಲ್ಲಿ

ಮಲೆನಾಡಿನಲ್ಲಿ ಜೀಪು ಇಟ್ಟುಕೊಂಡವರಿಗೆ ತಗಡಿನ ಚಿಂತೆ ತಪ್ಪಿದ್ದಲ್ಲ. ಎಂಜಿನ್ ಇನ್ನೂ ಹತ್ತು ವರ್ಷ ಓಡುತ್ತೇನೆ ಎನ್ನುತ್ತದೆ. ಮೈಮೇಲಿನ ಬಣ್ಣ ಮಾತ್ರ ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಸುಣ್ಣದಂತೆ ಅಂಗೈಗೆ ಹತ್ತುತ್ತದೆ, ರಬ್ಬರ್ ಮ್ಯಾಟ್ ಎತ್ತಿದರೆ ಅಡಿಯಲ್ಲಿ ಕೆಂಪು ಹುಡಿ ಕಾಣುತ್ತದೆ. ಪೇಂಟಿಂಗ್ ಶೆಡ್ಡಿಗೆ ಒಯ್ದು ಕೇಳಿದರೆ ಟಿಂಕರಿಂಗ್, ಪುಟ್ಟಿ, ಸ್ಪ್ರೇ ಎಲ್ಲ ಸೇರಿಸಿ ಹೇಳುವ ಮೊತ್ತಕ್ಕೆ ತೋಟದ ಕೆಲಸಕ್ಕಷ್ಟೇ ಓಡಿಸುವ ಗಾಡಿಯ ಮಾಲೀಕನ ಕೈ ಹಿಂಜರಿಯುತ್ತದೆ.

ನಾನು ನನ್ನ ಜೀಪಿಗೆ ಎರಡು ಬಾರಿ ಕೊಟ್ಟಿಗೆಯಲ್ಲೇ ರೋಲರ್‌ನಿಂದ ಬಣ್ಣ ಹೊಡೆದಿದ್ದೇನೆ. ಮೊದಲ ಸಲ ಕೆಟ್ಟಿತು, ಎರಡನೆಯ ಸಲ ಚೆನ್ನಾಗಿ ಬಂತು. ಬಣ್ಣ ಅದೇ ಜಾತಿಯದು, ರೋಲರೂ ಅದೇ ಅಂಗಡಿಯದು. ಎರಡನೆಯ ಸಲ ಪದರವನ್ನು ತೆಳುವಾಗಿ ಎಳೆದೆ, ಒಣಗುವ ತನಕ ಕಾದೆ, ಉಜ್ಜಲು ಬೇಸರಪಡಲಿಲ್ಲ. ಈ ಮೂರನ್ನು ಬಿಟ್ಟರೆ ಬೇರೆ ಗುಟ್ಟೇನೂ ಇಲ್ಲ. ಒಟ್ಟು ಖರ್ಚು ನಾಲ್ಕು ಸಾವಿರ ರೂಪಾಯಿಯೊಳಗೆ ಮುಗಿಯಿತು, ದಿನಗಳು ಮಾತ್ರ ಹದಿನೈದಕ್ಕೂ ಹೆಚ್ಚು ಹಿಡಿದವು.

ರೋಲರ್‌ನಿಂದ ಗಾಡಿಗೆ ಬಣ್ಣವೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು. ಸ್ಪ್ರೇ ಗನ್ ಬರುವ ಮುಂಚೆ ಕಾರುಗಳಿಗೆ ಕುದುರೆಗಾಡಿಗೆ ಬಳಿದಂತೆ ಬ್ರಷ್‌ನಿಂದಲೇ ಪದರದ ಮೇಲೆ ಪದರ ಬಳಿಯುತ್ತಿದ್ದರು. ಒಂದು ಕಾರು ಮುಗಿಯಲು ವಾರಗಟ್ಟಲೆ ಬೇಕಾಗುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ‘ಡ್ಯೂಕೋ’ ಎಂಬ, ಬೇಗ ಒಣಗುವ ಬಣ್ಣ ತಂದ ಮೇಲೆ ಆ ಕಾಯುವಿಕೆ ತಪ್ಪಿತು. ನಮ್ಮಲ್ಲಿ ಇಂದಿಗೂ ಪೇಂಟರುಗಳ ಬಾಯಲ್ಲಿ ‘ಡ್ಯೂಕೋ’ ಎಂದರೆ ಗಾಡಿಯ ಬಣ್ಣ ಎಂದೇ ಅರ್ಥ. ರೋಲರ್ ಹಿಡಿಯುವವನು ಡ್ಯೂಕೋಗೆ ಮುಂಚಿನ ಕಾಲದ ಕೆಲಸವನ್ನು ಮಾಡುತ್ತಾನೆ. ಆಗ ಬೇಕಿದ್ದ ವ್ಯವಧಾನವೇ ಈಗಲೂ ಬೇಕು.

ಯಾವ ಗಾಡಿಗೆ, ಯಾವ ಬಣ್ಣ

ಜೀಪು, ಹಳೆಯ ಓಮ್ನಿ, ಟ್ರ್ಯಾಕ್ಟರ್ ಟ್ರೈಲರ್, ಸರಕಿನ ಆಟೊ: ಇಂಥ ಚಪ್ಪಟೆ ತಗಡಿನ, ಒಂದೇ ಗಟ್ಟಿ ಬಣ್ಣದ ಗಾಡಿಗಳಿಗೆ ಈ ವಿಧಾನ ಸರಿಹೋಗುತ್ತದೆ. ಮಿರಿಮಿರಿ ಮೆಟಾಲಿಕ್ ಬಣ್ಣದ ಕಾರಿಗೆ ಬೇಡ. ಆ ಬಣ್ಣದೊಳಗಿನ ಲೋಹದ ಚೂರುಗಳು ರೋಲರ್ ಉರುಳಿದ ಕಡೆಗೆಲ್ಲ ತಿರುಗಿ ಮೈ ತುಂಬ ಮಚ್ಚೆ ಮಚ್ಚೆಯಾಗುತ್ತದೆ. ನಾಳೆ ಮಾರಬೇಕೆಂದಿರುವ ಗಾಡಿಗೂ ಬೇಡ, ಕೊಳ್ಳುವವರು ಬೆಲೆ ಇಳಿಸುತ್ತಾರೆ.

ಗಾಡಿಯ ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಇದ್ದ ಬಣ್ಣವನ್ನೇ ಮತ್ತೆ ಹೊಡೆದರೆ ತೊಂದರೆಯಿಲ್ಲ. ಬೇರೆ ಬಣ್ಣಕ್ಕೆ ಹೋಗುವುದಾದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಆರ್‌ಸಿಯಲ್ಲಿ ತಿದ್ದುಪಡಿ ಮಾಡಿಸಿಕೊಳ್ಳಿ. ವಿಮಾ ಕಂಪನಿಗೂ ತಿಳಿಸಿ. ಜೀಪಿನವರಿಗೆ ಇನ್ನೊಂದು ಎಚ್ಚರಿಕೆ: ಮಿಲಿಟರಿ ಹಸಿರಿನ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದಂತೆ ರಕ್ಷಣಾ ಇಲಾಖೆಯ ವಾಹನಗಳನ್ನು ಬಿಟ್ಟು ಬೇರಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ.

ಬಿಳಿ, ಕೆನೆ, ತಿಳಿ ಬೂದು ಬಣ್ಣಗಳು ಕೈತಪ್ಪನ್ನು ಮುಚ್ಚುತ್ತವೆ. ಕಪ್ಪು ಮತ್ತು ಕಡುಗೆಂಪು ಒಂದೊಂದು ಏರಿಳಿತವನ್ನೂ ಎತ್ತಿ ತೋರಿಸುತ್ತವೆ. ಮೊದಲ ಬಾರಿಗೆ ಕೈ ಹಾಕುವವರು ತಿಳಿ ಬಣ್ಣ ಆರಿಸಿಕೊಳ್ಳುವುದು ಲೇಸು.

ಬೇಕಾದದ್ದು ಕಿಟಕಿ, ಗೇಟುಗಳಿಗೆ ಬಳಿಯುವ ಸಿಂಥೆಟಿಕ್ ಎನಾಮಲ್, ಹೊಳಪಿನ (ಗ್ಲಾಸಿ) ಮುಕ್ತಾಯದ್ದು. ಒಳ್ಳೆಯ ಕಂಪನಿಯ ಯಾವುದಾದರೂ ಆಗಬಹುದು. ನನ್ನ ಜೀಪಿನ ಹೊರಮೈಗೆ ಆರು ತೆಳು ಕೋಟುಗಳಿಗೆ ಸುಮಾರು 3 ಲೀಟರ್ ಹಿಡಿಯಿತು. ಎಲ್ಲ ಡಬ್ಬಗಳನ್ನೂ ಒಟ್ಟಿಗೆ ಕೊಂಡು, ಒಂದೇ ಬಕೆಟ್ಟಿಗೆ ಸುರಿದು ಕಲಸಿಟ್ಟುಕೊಳ್ಳಿ. ಡಬ್ಬದಿಂದ ಡಬ್ಬಕ್ಕೆ ಬಣ್ಣದ ಛಾಯೆ ತುಸು ಬೇರೆಯಾಗಿರಬಹುದು. ಇದರ ಜೊತೆಗೆ ಮಿನರಲ್ ಟರ್ಪೆಂಟೈನ್, ರೆಡ್ ಆಕ್ಸೈಡ್ ಪ್ರೈಮರ್, ಹಾರ್ಡನರ್ (ಗಟ್ಟಿಯಾಗಿಸುವ ಪೇಸ್ಟ್) ಜೊತೆ ಬರುವ ಬಾಡಿ ಪುಟ್ಟಿ, ಮಾಸ್ಕಿಂಗ್ ಟೇಪ್, ಒಂದಿಂಚಿನ ಬ್ರಷ್, ನಾಲ್ಕಿಂಚಿನ ಸ್ಪಂಜ್ ರೋಲರ್‌ಗಳು ಬೇಕು. ರೋಲರ್ ಒಂದು ಸಾಲದು, ಆರಾದರೂ ಇರಲಿ. ಟರ್ಪೆಂಟೈನ್‌ನಲ್ಲಿ ನೆನೆದ ಸ್ಪಂಜು ಎರಡನೆಯ ದಿನಕ್ಕೆ ಉಬ್ಬಿ ಚೂರು ಬಿಡಲು ಶುರುಮಾಡುತ್ತದೆ. ಗೋಡೆಗೆ ಬಳಸುವ ಉಣ್ಣೆಯ ರೋಲರ್ ಮುಟ್ಟಲೇಬೇಡಿ, ಅದು ಕಿತ್ತಳೆ ಸಿಪ್ಪೆಯಂಥ ಮೈ ಕೊಡುತ್ತದೆ, ಜೊತೆಗೆ ಕೂದಲೂ ಬಿಡುತ್ತದೆ.

ಎರಡು ಡಬ್ಬಿ ಬೆರೆಸಿ ಬಳಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಗಟ್ಟಿ ಎಂದು ಅಂಗಡಿಯವರು ಹೇಳುತ್ತಾರೆ, ಅದು ನಿಜ. ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಸರಿಯಾದ ಉಸಿರಾಟದ ಸಲಕರಣೆ ಇಲ್ಲದೆ ಅದರ ಜೊತೆ ಕೆಲಸ ಮಾಡಿದರೆ ಬಿಡದ ಅಸ್ತಮಾ ಅಂಟಬಹುದು. ಮನೆಯ ಕೆಲಸಕ್ಕೆ ಅದು ಬೇಡ.

ಹವೆ ನೋಡಿ ದಿನ ಹಿಡಿಯಿರಿ

ಮಳೆಗಾಲದಲ್ಲಿ ಎನಾಮಲ್ ಒಣಗುವುದಿಲ್ಲ. ನಮ್ಮ ಕಡೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಒಳ್ಳೆಯ ಕಾಲ. ಆದರೆ ಅದೇ ಅಡಿಕೆ ಕೊಯ್ಲಿನ ಕಾಲವೂ ಹೌದು. ಅಂಗಳದಲ್ಲಿ ಅಡಿಕೆ ಸುಲಿಯುವ ಯಂತ್ರ ಓಡುತ್ತಿದ್ದರೆ ಸಿಪ್ಪೆಯ ನಾರು, ಹುಡಿ ಹಾರಿ ಹಸಿ ಬಣ್ಣಕ್ಕೆ ಕೂರುತ್ತದೆ. ಸುಲಿತ ಮುಗಿದ ಮೇಲೆ, ಫೆಬ್ರುವರಿಯಲ್ಲಿ, ಕೊಟ್ಟಿಗೆಯ ನೆಲಕ್ಕೆ ನೀರು ಚಿಮುಕಿಸಿ ದೂಳು ಅಡಗಿಸಿ ಕೆಲಸ ಹಿಡಿಯಿರಿ.

ಬೆಳಗಿನ ಇಬ್ಬನಿ ಆರಿ, ತಗಡು ಮುಟ್ಟಿದರೆ ತಣ್ಣಗೆನಿಸದ ಹೊತ್ತು ಶುರುಮಾಡುವ ಹೊತ್ತು. ನಮ್ಮಲ್ಲಿ ಅದು ಹತ್ತು ಗಂಟೆ. ಮಧ್ಯಾಹ್ನ ಎರಡರ ಹೊತ್ತಿಗೆ ಆ ದಿನದ ಕೋಟು ಮುಗಿದಿರಬೇಕು. ಸಂಜೆ ಹಸಿಯಾಗಿಯೇ ಉಳಿದ ಬಣ್ಣದ ಮೇಲೆ ಮಂಜು ಇಳಿದರೆ ಹೊಳಪು ಸತ್ತು ಮೈ ಮಂಕಾಗುತ್ತದೆ. ಬಿಸಿಲಲ್ಲಿಯೂ ಬಳಿಯಬೇಡಿ, ಕಾದ ತಗಡಿನ ಮೇಲೆ ಬಣ್ಣ ಹರಡಿಕೊಳ್ಳುವ ಮುಂಚೆಯೇ ಬಿಗಿಯುತ್ತದೆ. ನೆರಳು ಬೇಕು, ಗಾಳಿ ಆಡಬೇಕು, ಒಲೆ ಮತ್ತು ಬೀಡಿ ದೂರ ಇರಬೇಕು.

ತೊಳೆ, ಬಿಚ್ಚು, ತಟ್ಟಿ ನೋಡು

ಮೊದಲು ಪಾತ್ರೆ ತೊಳೆಯುವ ಸೋಪಿನಿಂದ ಇಡೀ ಗಾಡಿಯನ್ನು ತೊಳೆಯಿರಿ. ಒಣಗಿದ ಮೇಲೆ ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ಒರೆಸಿ, ಕೂಡಲೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ. ಗ್ರೀಸ್ ಅಥವಾ ಪಾಲಿಶ್‌ನ ಜಿಡ್ಡು ಒಂದು ನಾಣ್ಯದಷ್ಟು ಉಳಿದರೂ ಅಲ್ಲಿ ಬಣ್ಣ ಹಿಂಜರಿದು ಮೀನಿನ ಕಣ್ಣಿನಂಥ ತೂತು ಬಿಡುತ್ತದೆ.

ಹುಡ್ (ಮೇಲಿನ ಹೊದಿಕೆ), ದೀಪಗಳು, ಇಂಡಿಕೇಟರ್, ಕನ್ನಡಿ, ನಂಬರ್ ಪ್ಲೇಟ್, ಬಂಪರ್ ಎಲ್ಲ ಬಿಚ್ಚಿ. ಟೇಪ್ ಅಂಟಿಸಿ ಸುತ್ತ ಬಳಿದ ಬಣ್ಣ ದೂರದಿಂದಲೇ ಗೊತ್ತಾಗುತ್ತದೆ, ಬಿಚ್ಚಿ ಬಳಿದದ್ದು ಗೊತ್ತಾಗುವುದಿಲ್ಲ. ಒಂದೊಂದು ಭಾಗದ ಬೋಲ್ಟುಗಳನ್ನು ಒಂದೊಂದು ಡಬ್ಬಿಗೆ ಹಾಕಿ ಹೆಸರು ಬರೆದಿಡಿ. ಬಿಚ್ಚಲಾಗದ ಗಾಜಿನ ರಬ್ಬರ್ ಬೀಡಿಂಗ್‌ಗೆ ಒಂದು ಉಪಾಯವಿದೆ: ರಬ್ಬರಿನ ಅಂಚಿನ ಕೆಳಗೆ ಸುತ್ತಲೂ ತೆಳ್ಳಗಿನ ಹಗ್ಗ ತುರುಕಿದರೆ ಅಂಚು ತಗಡಿನಿಂದ ಮೇಲೇಳುತ್ತದೆ, ಬಣ್ಣ ಅದರಡಿಗೂ ಹೋಗುತ್ತದೆ. ಒಣಗಿದ ಮೇಲೆ ಹಗ್ಗ ಎಳೆದರೆ ಗೆರೆಯೇ ಕಾಣುವುದಿಲ್ಲ. ಚಾಸಿಸ್ ನಂಬರ್ ಕೊರೆದ ಜಾಗ, ಬ್ರೇಕ್ ಹೋಸ್‌ಗಳು, ರಿಫ್ಲೆಕ್ಟರ್, ನೆಲದಲ್ಲಿ ನೀರು ಇಳಿಯುವ ತೂತುಗಳು, ಇವುಗಳ ಮೇಲೆ ಬಣ್ಣ ಬೀಳಬಾರದು.

ಈಗ ತುಕ್ಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಉದ್ದಕ್ಕೂ ತಟ್ಟುತ್ತ ಬನ್ನಿ. ಗಟ್ಟಿ ತಗಡು ಠಣ್ ಎನ್ನುತ್ತದೆ, ಒಳಗೊಳಗೇ ತಿಂದುಹೋದದ್ದು ಮೊರದ ಮೇಲೆ ಬಡಿದಂತೆ ದಪ್ಪಗೆ ಸದ್ದು ಮಾಡುತ್ತದೆ. ಜೀಪಿನಲ್ಲಿ ನೋಡಬೇಕಾದ ಜಾಗಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ: ಮ್ಯಾಟಿನಡಿಯ ನೆಲ, ಗಾಜಿನ ಚೌಕಟ್ಟಿನ ಕೆಳ ಅಂಚು, ಚಕ್ರದ ಮೇಲಿನ ಮಡಿಕೆ, ಎರಡು ತಗಡು ಸೇರುವ ಬೆಸುಗೆ. ತೂತು ಬಿದ್ದಿದ್ದರೆ ಅಲ್ಲಿಗೆ ನಿಲ್ಲಿಸಿ ವೆಲ್ಡಿಂಗ್‌ನವರ ಬಳಿ ಹೋಗಿ. ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದರೆ ಮುಂದಿನ ಮಳೆಗಾಲಕ್ಕೆ ಅದು ಚಕ್ಕೆಯಾಗಿ ಉದುರುತ್ತದೆ.

ಮೇಲ್ಮೈ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, 80 ನಂಬರಿನ ಎಮರಿಯಿಂದ ಬೆಳ್ಳಿಯಂತೆ ತಗಡು ಕಾಣುವವರೆಗೆ ಉಜ್ಜಿ. ಗುಂಡಿಗಳಲ್ಲಿ ಉಳಿದ ಕಪ್ಪು ಚುಕ್ಕೆಗಳಿಗೆ ಫಾಸ್ಫಾರಿಕ್ ಆಸಿಡ್ ಇರುವ ತುಕ್ಕು ದ್ರಾವಣ ಹಚ್ಚಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ಒರೆಸಿ. ಬರಿ ತಗಡನ್ನು ರಾತ್ರಿಯಿಡೀ ಹಾಗೇ ಬಿಡಬೇಡಿ, ನಮ್ಮ ಹವೆಯಲ್ಲಿ ಬೆಳಗಾಗುವುದರೊಳಗೆ ಹೊಸ ತುಕ್ಕಿನ ಕಂದು ಮಿಂಚು ಬಂದಿರುತ್ತದೆ. ಕೆರೆದ ದಿನವೇ ರೆಡ್ ಆಕ್ಸೈಡ್ ಬಿದ್ದಿರಬೇಕು.

ಗಟ್ಟಿಯಾಗಿ ಕಚ್ಚಿಕೊಂಡಿರುವ ಹಳೆಯ ಬಣ್ಣವನ್ನು ಕಿತ್ತು ತೆಗೆಯುವ ಅಗತ್ಯವಿಲ್ಲ. ಅದಕ್ಕಿಂತ ಒಳ್ಳೆಯ ತಳಹದಿ ಸಿಗುವುದಿಲ್ಲ. 220, ಆಮೇಲೆ 320 ನಂಬರಿನ ವಾಟರ್ ಪೇಪರ್‌ನಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿದರೆ ಸಾಕು. ನೀರು ಹಾಕಿಯೇ ಉಜ್ಜಿ. ಹಳೆಯ ಗಾಡಿಗಳ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಉಂಟು. ಮನೆಬಳಕೆಯ ಬಣ್ಣಗಳಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಪಾಲು) ಮಿತಿ ನಮ್ಮ ದೇಶದಲ್ಲಿ ಕಡ್ಡಾಯವಾದದ್ದೇ 2017ರ ನವೆಂಬರ್‌ನಿಂದ. ಒಣದಾಗಿ ಉಜ್ಜಿದರೆ ಆ ಹುಡಿ ಮೂಗಿಗೆ ಹೋಗುತ್ತದೆ. ಉಜ್ಜಿದ ಕೆಸರು ನೀರು ಬಾವಿಯ ಕಡೆಗಾಗಲಿ ದನ ನೀರು ಕುಡಿಯುವ ಕಡೆಗಾಗಲಿ ಹರಿಯದಂತೆ ನೋಡಿಕೊಳ್ಳಿ, ಮಕ್ಕಳನ್ನು ದೂರವಿಡಿ.

ನೆಗ್ಗಿದ ಜಾಗಕ್ಕೆ ಪುಟ್ಟಿ. ನಿಂಬೆಹಣ್ಣಿನ ಗಾತ್ರದ ಪುಟ್ಟಿಗೆ ಬಟಾಣಿ ಕಾಳಿನಷ್ಟು ಹಾರ್ಡನರ್ ಸಾಕು, ಹೆಚ್ಚು ಹಾಕಿದರೆ ಹಚ್ಚುವ ಮುಂಚೆಯೇ ಕಲ್ಲಾಗುತ್ತದೆ. ಈ ಪುಟ್ಟಿ ಸ್ಪಂಜಿನಂತೆ ನೀರು ಹೀರುತ್ತದೆ, ಆದ್ದರಿಂದ ಇದೊಂದನ್ನು ಮಾತ್ರ ಮಾಸ್ಕ್ ಕಟ್ಟಿಕೊಂಡು ಒಣದಾಗಿಯೇ ಉಜ್ಜಿ, ಮೇಲೆ ಪ್ರೈಮರ್ ಬಳಿಯಿರಿ. ಪ್ರೈಮರ್ ಒಂದು ರಾತ್ರಿ ಒಣಗಲಿ, ಮರುದಿನ 320ರಿಂದ ಹಗುರವಾಗಿ ಉಜ್ಜಿ.

ಬಣ್ಣದ ಹದ

ಹದವೇ ಈ ಕೆಲಸದ ಜೀವ. ಡಬ್ಬದಿಂದ ನೇರ ತೆಗೆದ ಎನಾಮಲ್ ದೋಸೆ ಹಿಟ್ಟಿನಷ್ಟು ಮಂದ. ಅದನ್ನು ಕಡೆದ ಮಜ್ಜಿಗೆಯ ಹದಕ್ಕೆ ತರಬೇಕು. ಒಂದು ಲೀಟರ್ ಬಣ್ಣಕ್ಕೆ ಕಾಲು ಲೀಟರ್‌ನಷ್ಟು ಟರ್ಪೆಂಟೈನ್‌ನಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಸೇರಿಸುತ್ತ ಕಲಕಿ. ಕೋಲೆತ್ತಿದಾಗ ಮೊದಲು ಎಳೆಯಾಗಿ ಇಳಿದು, ಎರಡು ಮೂರು ಎಣಿಸುವಷ್ಟರಲ್ಲಿ ಹನಿಯಾಗಬೇಕು. ನೀರಾದರೆ ನೆಟ್ಟಗಿನ ತಗಡಿನ ಮೇಲೆ ಕಣ್ಣೀರಿನಂತೆ ಇಳಿಯುತ್ತದೆ. ಸೀಮೆಎಣ್ಣೆ ಹಾಕಬೇಡಿ, ಬಣ್ಣ ದಿನಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ. ಪೆಟ್ರೋಲಿನ ಯೋಚನೆಯೇ ಬೇಡ. ಡ್ಯೂಕೋಗೆ ಬಳಸುವ ಎನ್‌ಸಿ ಥಿನ್ನರ್ ಕೂಡ ಬೇಡ, ಅದು ಕೆಳಗಿನ ಎನಾಮಲನ್ನೇ ಕಿತ್ತೆಬ್ಬಿಸುತ್ತದೆ.

ಹದವಾದ ಬಣ್ಣವನ್ನು ಹಳೆಯ ನೈಲಾನ್ ಕಾಲುಚೀಲದಲ್ಲಿ ಸೋಸಿ. ಪಂಚೆಯ ತುಂಡಿನಲ್ಲಿ ಸೋಸಿದರೆ ಅದರ ನೂಲೆಳೆಗಳೇ ಬಣ್ಣದೊಳಗೆ ಸೇರುತ್ತವೆ.

ರೋಲರ್ ಉರುಳಿಸುವುದು

ಹೊಸ ರೋಲರ್‌ಗೆ ಮಾಸ್ಕಿಂಗ್ ಟೇಪ್ ಸುತ್ತಿ ಕಿತ್ತುಬಿಡಿ, ಸಡಿಲ ಚೂರುಗಳು ಅದರೊಂದಿಗೇ ಬರುತ್ತವೆ. ಹಿಂಜು, ಮೂಲೆ, ಬೋಲ್ಟಿನ ಸುತ್ತ ಮೊದಲು ಬ್ರಷ್ ಆಡಿಸಿ, ಅದು ಹಸಿಯಿರುವಾಗಲೇ ರೋಲರ್‌ನಿಂದ ಸವರಿಬಿಡಿ.

ಒಂದು ಸಲಕ್ಕೆ ಒಂದು ಭಾಗ. ಬಾನೆಟ್ ಹಿಡಿದರೆ ಬಾನೆಟ್ ಮುಗಿಯುವವರೆಗೆ ಫೋನ್ ಎತ್ತಬೇಡಿ. ಅರ್ಧಕ್ಕೆ ನಿಂತ ಅಂಚು ಹತ್ತು ನಿಮಿಷದಲ್ಲಿ ಬಿಗಿದು, ಮತ್ತೆ ಸೇರಿಸಿದಾಗ ಗೆರೆ ಕಾಣುತ್ತದೆ. ರೋಲರ್ ಅನ್ನು ಟ್ರೇಯಲ್ಲಿ ಅದ್ದಿ, ಇಳಿಜಾರಿನ ಮೇಲೆ ಉರುಳಿಸಿ ಹಿಂಡಿ, ಹನಿ ಬೀಳದಷ್ಟು ಬಣ್ಣವಷ್ಟೇ ಅದರಲ್ಲಿರಲಿ. ಒಂದು ಅಡಿ ಚೌಕದ ಜಾಗಕ್ಕೆ ಅಡ್ಡಡ್ಡ ಹರಡಿ, ಆಮೇಲೆ ಉದ್ದಕ್ಕೆ. ಆಗ ಮೈತುಂಬ ಸಾಸಿವೆ ಕಾಳಿನಂಥ ಗುಳ್ಳೆಗಳು ಏಳುತ್ತವೆ. ಗಾಬರಿಯಾಗಬೇಡಿ. ಒಂದು ನಿಮಿಷದೊಳಗೆ ಬಹುಪಾಲು ತಾವಾಗಿಯೇ ಒಡೆಯುತ್ತವೆ. ಉಳಿದವುಗಳ ಮೇಲೆ ಖಾಲಿಯಾದ ರೋಲರ್ ಅನ್ನು ಒತ್ತದೆ, ಅದರದೇ ತೂಕದಲ್ಲಿ, ಒಂದೇ ದಿಕ್ಕಿಗೆ ಎಳೆದುಬಿಡಿ. ಹಾಗೆ ಎಳೆದ ಮೇಲೆ ಮತ್ತೆ ಮುಟ್ಟಬೇಡಿ. ಎರಡು ನಿಮಿಷವಾದರೂ ಗುಳ್ಳೆ ಹಾಗೇ ನಿಂತಿದ್ದರೆ ಹದ ಮಂದವಾಗಿದೆ ಎಂದರ್ಥ, ಇನ್ನೊಂದು ಚೂರು ಟರ್ಪೆಂಟೈನ್ ಸೇರಿಸಿ.

ಮೊದಲ ಕೋಟು ಮುಗಿದಾಗ ಎದೆಗುಂದುವಷ್ಟು ಕೆಟ್ಟದಾಗಿ ಕಾಣುತ್ತದೆ. ಕೆಂಪು ಪ್ರೈಮರ್ ಒಂದೆಡೆ, ಹಳೆಯ ಬಣ್ಣ ಒಂದೆಡೆ, ಎಲ್ಲವೂ ಇಣುಕುತ್ತಿರುತ್ತವೆ. ಅದು ಹಾಗೇ ಇರಬೇಕು. ಮುಚ್ಚಿಬಿಡೋಣ ಎಂದು ದಪ್ಪಗೆ ಬಳಿದದ್ದೇ ನಾನು ಮೊದಲ ಸಲ ಮಾಡಿದ ತಪ್ಪು. ಆಯುಧಪೂಜೆಗೆ ಮೂರು ದಿನ ಉಳಿದಿತ್ತು, ಹವೆ ಇನ್ನೂ ತೇವವಾಗಿತ್ತು. ಎರಡೇ ಕೋಟಿನಲ್ಲಿ ಮುಗಿಸಿದೆ. ಮೇಲ್ಪದರ ಬಿಗಿದು ಒಳಗೆ ಹಸಿಯಾಗಿಯೇ ಉಳಿದ ಬಣ್ಣ ಕಾದಾರಿದ ಹಾಲಿನ ಕೆನೆಯಂತೆ ಬಾನೆಟ್ ತುಂಬ ಸುಕ್ಕುಗಟ್ಟಿತು. ಪೂಜೆಯ ದಿನ ಹಚ್ಚಿದ ಕುಂಕುಮ ಬಣ್ಣದೊಳಕ್ಕೇ ಇಳಿಯಿತು, ಸೇವಂತಿಗೆ ಹಾರ ತೆಗೆಯುವಾಗ ಎಸಳುಗಳು ಅಂಟಿಕೊಂಡು ಉಳಿದವು. ಅಷ್ಟನ್ನೂ ಕೆರೆದು ತೆಗೆಯಲು ಬಳಿದದ್ದಕ್ಕಿಂತ ನಾಲ್ಕು ಪಟ್ಟು ಹೊತ್ತು ಹಿಡಿಯಿತು.

ದಿನಕ್ಕೊಂದೇ ಕೋಟು. ಮರುದಿನ ಕಾಣದ ಮೂಲೆಯಲ್ಲಿ ಹೆಬ್ಬೆರಳನ್ನು ಒತ್ತಿ ತಿರುಗಿಸಿ ನೋಡಿ. ಗುರುತು ಬಿದ್ದರೆ ಇನ್ನೊಂದು ದಿನ ಬಿಡಿ. ಹಸಿ ಬಣ್ಣದ ಮೇಲೆ ಹುಳ ಕೂತರೆ ಕೀಳಲು ಹೋಗಬೇಡಿ, ಒಣಗಿದ ಮೇಲೆ ಉಜ್ಜುವಾಗ ಅದು ತಾನಾಗಿ ಹೋಗುತ್ತದೆ. ಸಂಜೆ ಕೊಟ್ಟಿಗೆಯ ದೀಪ ಹಾಕದಿದ್ದರೆ ಹುಳವೇ ಬರುವುದಿಲ್ಲ. ಟರ್ಪೆಂಟೈನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಬಿಡಿಬಿಡಿಯಾಗಿ ಒಣಹಾಕಿ. ಬಣ್ಣ ಹತ್ತಿದ ಬಟ್ಟೆಯ ರಾಶಿ ತನ್ನಷ್ಟಕ್ಕೆ ಕಾದು ಹೊತ್ತಿಕೊಳ್ಳಬಹುದು.

ಉಜ್ಜುವುದು

ಎರಡು ಕೋಟು ಆದ ಮೇಲೆ 400, ನಾಲ್ಕಾದ ಮೇಲೆ 600, ಐದಾದ ಮೇಲೆ 800 ನಂಬರಿನ ವಾಟರ್ ಪೇಪರ್. ಕಾಗದವನ್ನು ಬರಿ ಬೆರಳಲ್ಲಿ ಹಿಡಿದರೆ ಬೆರಳಿನ ಗುಂಟ ಕಾಲುವೆ ಬೀಳುತ್ತದೆ. ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಅಂಗೈಯಗಲ ಕತ್ತರಿಸಿ, ಅದಕ್ಕೆ ಕಾಗದ ಸುತ್ತಿಕೊಳ್ಳಿ. ಅಂಗಡಿಯಲ್ಲಿ ಮಾರುವ ಬ್ಲಾಕಿಗಿಂತ ಅದು ಕೈಗೆ ಚೆನ್ನಾಗಿ ಒಗ್ಗುತ್ತದೆ. ಬಕೆಟ್ ನೀರಿಗೆ ಎರಡು ಹನಿ ಸೋಪು ಹಾಕಿ, ಕಾಗದವನ್ನು ಮೊದಲೇ ನೆನೆಸಿಡಿ.

ಉಜ್ಜುವಾಗ ಬರುವ ನೀರನ್ನು ಗಮನಿಸಿ. ಬಣ್ಣದ ಹಾಲಿನಂತೆ ಹರಿದರೆ ಬಣ್ಣ ಒಣಗಿದೆ. ಕಾಗದಕ್ಕೆ ಮೂಗಿನ ಹಕ್ಕಳೆಯಂಥ ಉಂಡೆಗಳು ಅಂಟಿದರೆ ಒಳಗಿನ್ನೂ ಹಸಿ, ಅಂದಿನ ಕೆಲಸ ನಿಲ್ಲಿಸಿ. ಅಂಗೈಯನ್ನು ಒದ್ದೆ ತಗಡಿನ ಮೇಲೆ ಆಡಿಸಿ, ಕಣ್ಣಿಗೆ ಕಾಣದ ಉಬ್ಬು ತಗ್ಗು ಅಂಗೈಗೆ ಸಿಗುತ್ತದೆ. ಒರೆಸಿ ಒಣಗಿಸಿದಾಗ ಮೈ ಒಂದೇ ಸಮ ಮಂಕಾಗಿರಬೇಕು. ಅಲ್ಲಲ್ಲಿ ಹೊಳೆಯುವ ಚುಕ್ಕೆಗಳು ಕಂಡರೆ ಅವು ತಗ್ಗುಗಳು. ತಗಡು ಮಡಿಚಿದ ಏಣುಗಳಲ್ಲಿ ಬಣ್ಣ ತೆಳ್ಳಗಿರುತ್ತದೆ, ಎರಡು ಸಲ ಕೈಯಾಡಿಸುವಷ್ಟರಲ್ಲಿ ಪ್ರೈಮರ್ ಕಾಣಿಸುತ್ತದೆ. ಅಲ್ಲೆಲ್ಲ ಮೊದಲೇ ಟೇಪ್ ಅಂಟಿಸಿಕೊಂಡು ಉಜ್ಜಿ.

ಕೊನೆಯ ಕೋಟಿಗೆ ಟರ್ಪೆಂಟೈನ್ ತುಸು ಹೆಚ್ಚಿರಲಿ, ಕೈ ಇನ್ನಷ್ಟು ಹಗುರವಿರಲಿ. ತೋಟದ ಗಾಡಿಗೆ ಅಲ್ಲಿಗೇ ನಿಲ್ಲಿಸಿದರೂ ಸಾಕು, ನಾಲ್ಕು ಹೆಜ್ಜೆ ದೂರದಿಂದ ಸ್ಪ್ರೇ ಹೊಡೆದದ್ದೆಂದೇ ಅನ್ನಿಸುತ್ತದೆ. ಇನ್ನೂ ನಯ ಬೇಕೆಂದರೆ ಮೂರು ವಾರ ಬಿಟ್ಟು 1500, 2000 ನಂಬರಿನ ಕಾಗದದಿಂದ ನೀರಿನಲ್ಲಿ ಉಜ್ಜಿ, ರಬ್ಬಿಂಗ್ ಕಾಂಪೌಂಡನ್ನು ಹತ್ತಿ ಬಟ್ಟೆಯಲ್ಲಿ ಹಚ್ಚಿ ಕೈಯಿಂದಲೇ ತಿಕ್ಕಿ. ಬಾನೆಟ್‌ನಲ್ಲಿ ಕೊಟ್ಟಿಗೆಯ ಹೆಂಚಿನ ಸಾಲು ಎಣಿಸುವಷ್ಟು ಸ್ಪಷ್ಟವಾಗಿ ಕಂಡ ದಿನ ನನ್ನ ತೋಳಿನ ನೋವು ಮರೆತೇಹೋಯಿತು.

ಮೊದಲ ತಿಂಗಳು ಗಾಡಿಯನ್ನು ಸರ್ವಿಸ್ ಸ್ಟೇಷನ್ನಿನ ಜೋರು ನೀರಿಗೆ ಒಡ್ಡಬೇಡಿ, ತಣ್ಣೀರು ಸುರಿದು ಮೆತ್ತನೆಯ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ಬಿದ್ದರೆ ಈ ಬಣ್ಣ ಉಳಿಯುವುದಿಲ್ಲ, ಬಿದ್ದ ಕೂಡಲೇ ನೀರಿನಿಂದ ತೊಳೆಯಿರಿ. ಸೈಲೆನ್ಸರ್ ಪೈಪಿನಂಥ ಕಾಯುವ ಭಾಗಗಳಿಗೆ ಎನಾಮಲ್ ತಡೆಯುವುದಿಲ್ಲ, ಅವುಗಳಿಗೆ ಬೇರೆ ಬಣ್ಣವಿದೆ.

ಉಳಿದ ಬಣ್ಣ ಎಸೆಯಬೇಡಿ. ಡಬ್ಬದಲ್ಲೇ ಬಿಟ್ಟರೆ ಕೆನೆಗಟ್ಟುತ್ತದೆ. ಉಪ್ಪಿನಕಾಯಿಯ ಸಣ್ಣ ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು ಒಣಗಿಸಿ, ಗಾಳಿಗೆ ಜಾಗವಿಲ್ಲದಂತೆ ಬಾಯಿಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ ತಲೆಕೆಳಗಾಗಿ ಇಡಿ. ಮೇಲೆ ಬಣ್ಣದ ಹೆಸರು, ಕಂಪನಿ, ಎಷ್ಟು ಟರ್ಪೆಂಟೈನ್ ಸೇರಿಸಿದ್ದೀರಿ ಎಂಬುದನ್ನು ಬರೆದು ಅಂಟಿಸಿ. ಬೇಲಿಯ ಮುಳ್ಳು ಗೀಚಿದಾಗ, ಅಡಿಕೆ ಮೂಟೆ ಎತ್ತುವಾಗ ಅಂಚು ಕಿತ್ತಾಗ, ಗಾಯಕ್ಕೆ 400ರ ಕಾಗದ ಆಡಿಸಿ ಸಣ್ಣ ಬ್ರಷ್‌ನಿಂದ ಎರಡು ಸಲ ಮುಟ್ಟಿಸಿದರೆ ತುಕ್ಕು ಅಲ್ಲಿಗೆ ಬರುವುದಿಲ್ಲ. ಸ್ಪ್ರೇ ಮಾಡಿಸಿದ ಗಾಡಿಗೆ ಈ ಅನುಕೂಲ ಇರುವುದಿಲ್ಲ. ನನ್ನ ಬಾಟಲಿ ಈಗ ಅರ್ಧಕ್ಕೆ ಬಂದಿದೆ, ಜೀಪಿನ ಮೈ ಮೂರು ಮಳೆಗಾಲ ಕಳೆದರೂ ಕೈಗೆ ಹತ್ತುತ್ತಿಲ್ಲ.